ಟ್ರಂಪೆಟ್ಟಿಗೆ ಒಗ್ಗುವ ಹಲ್ಲು

ತೆಗೆದು ಹಾಕುವ ಹಲ್ಲಿನ ಪ್ಲೇಟಿಗೆ ಎರಡು ಮದುವೆಯಲ್ಲಿ ಬ್ಯಾಂಡ್ ನುಡಿಸಿದ ಸಂಪಾದನೆ ಸಾಕು. ದವಡೆಯ ಮೂಳೆಗೆ ಸ್ಕ್ರೂ ಇಳಿಸಿ ಕೂರಿಸುವ ಹಲ್ಲಿಗೆ ಇಪ್ಪತ್ತು ಮದುವೆಯದ್ದು ಬೇಕು; ಮೇಲಾಗಿ ಮೂಳೆ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ತನಕ ಅರ್ಧ ವರ್ಷ ಟ್ರಂಪೆಟ್ ಮುಟ್ಟುವಂತಿಲ್ಲ. ಬ್ಯಾಂಡ್ ಮಾಸ್ತರು ಲೋಕದ ಎಲ್ಲ ಲೆಕ್ಕವನ್ನೂ ಮದುವೆಯಲ್ಲೇ ಹಾಕುವವರು. ತಾಲೀಮಿನ ಶೆಡ್ಡಿನ ಬಾಡಿಗೆ ಅರ್ಧ ಮದುವೆ, ಹೊಸ ಕೋಟುಗಳು ಮೂರು ಮದುವೆ. ಇಪ್ಪತ್ತು ಮದುವೆ ಒಂದೇ ಬಾಯಿಗೆ ಹೋಗುವುದೆಂದರೆ ಅವರಿಗೆ ಕೇಳಿಯೇ ಸುಸ್ತಾಯಿತು.

ಮಾಸ್ತರರ ಹಲ್ಲು ಹೋದದ್ದು ಕೆಲಸದಲ್ಲೇ. ತೆರೆದ ಲಾರಿಯ ಮೇಲೆ ನಿಂತು ನುಡಿಸುತ್ತಿದ್ದಾಗ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಟ್ರಂಪೆಟ್ ಬಂದು ಬಾಯಿಗೆ ಗುದ್ದಿತು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದವು.

"ಪ್ಲೇಟೇ ಹಾಕಿಸ್ಕೊಳ್ಳಿ. ತಿನ್ನೋಕೂ ಆಯ್ತು, ಮಾತಾಡೋಕೂ ಆಯ್ತು" ಎಂದಳು ಹೆಂಡತಿ. ಬ್ಯಾಂಡಿನವರ ಕೋಟುಗಳಿಗೆಲ್ಲ ಇಸ್ತ್ರಿ ಹಾಕುವವಳು ಅವಳೇ, ದುಡ್ಡು ಕೈಯಲ್ಲಿ ಹಿಡಿಯುವವಳೂ ಅವಳೇ. ಹಲ್ಲಿನ ಡಾಕ್ಟರಮ್ಮನೂ ಬೇಡ ಅನ್ನಲಿಲ್ಲ. "ಎಷ್ಟೋ ಜನ ಪ್ಲೇಟಲ್ಲೇ ಆರಾಮಾಗಿದಾರೆ" ಎಂದರು.

ಪ್ಲೇಟ್ ಬಂದ ದಿನ ಮನೆಯಲ್ಲಿ ಪರೀಕ್ಷೆ ನಡೆಯಿತು. ಬ್ರೆಡ್ಡು ಕಚ್ಚಿದರು, ಸೇಬು ಕಚ್ಚಿದರು. ಹೆಂಡತಿಯ ತಮ್ಮ ಎದುರಿಗೆ ಕೂತು, "ಈಗೊಂದು ಸಲ ಅಕ್ಕನ್ನ ಬೈದು ತೋರಿಸಿ ಭಾವ, ಮಾತು ಸರಿಯಾಗಿ ಬರುತ್ತಾ ನೋಡೋಣ" ಎಂದ.

"ಹಲ್ಲಿದ್ದಾಗಲೇ ಆಗದ ಕೆಲಸ ಅದು" ಎಂದರು ಮಾಸ್ತರು. ಮನೆಯೆಲ್ಲ ನಕ್ಕಿತು. ಪ್ಲೇಟ್ ಪಾಸಾಯಿತು ಅಂತಲೇ ಎಲ್ಲರೂ ತಿಳಿದರು. ಆ ಬಾಯಿ ದಿನವಿಡೀ ಮಾಡುವ ಕೆಲಸ ಯಾವುದು ಎಂಬುದೇ ಯಾರ ತಲೆಗೂ ಹೊಳೆಯಲಿಲ್ಲ.

ಮರುದಿನ ಶೆಡ್ಡಿನಲ್ಲಿ ಮಾಸ್ತರು ಟ್ರಂಪೆಟ್ ಎತ್ತಿದರು. ಕೆಳಗಿನ ಸ್ವರ ಹೇಗೋ ಬಂತು. ಮೇಲಿನ ಸ್ವರಕ್ಕೆ ತುಟಿ ಒತ್ತಿದ ಕೂಡಲೇ ಪ್ಲೇಟ್ ಅಲ್ಲಾಡಿತು, ಉಸಿರು ಅದರ ಹಿಂದೆ ನುಗ್ಗಿತು, ಸ್ವರ ಸೈಕಲ್ ಟ್ಯೂಬಿನ ಹಾಗೆ ಪುಸ್ಸೆಂದಿತು. ಅಂಟು ಪೇಸ್ಟ್ ಹಾಕಿಕೊಂಡು ನೋಡಿದರು. ಎರಡು ಸಾಲು ನುಡಿಸುವಷ್ಟರಲ್ಲಿ ಅದೂ ಕೈಕೊಟ್ಟಿತು. ಬ್ಯಾಂಡಿನವರೆಲ್ಲ ತಮ್ಮ ತಮ್ಮ ಬೂಟು ನೋಡತೊಡಗಿದರು.

ಆ ಬ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಹಂಗಾಮಿನ ಮೊದಲ ತಾಲೀಮಿನಲ್ಲಿ, ಮೊದಲ ಟ್ರಂಪೆಟ್ಟಿನ ಜಾಗ ಬೇಕೆನ್ನುವವರು ಬೆನ್ನಿಗೆ ಬೆನ್ನು ಕೊಟ್ಟು ನಿಂತು ಮೆರವಣಿಗೆಯ ಮಾರ್ಚ್ ಧಾಟಿಯ ಕೊನೆಯ ಸ್ವರವನ್ನು ಒಟ್ಟಿಗೆ ಹಿಡಿಯಬೇಕು. ಯಾರ ಸ್ವರ ಮೊದಲು ನಿಲ್ಲುತ್ತದೋ ಅವರು ಹಿಂದಿನ ಸಾಲಿಗೆ. ಕಟ್ಟಳೆ ಮಾಡಿದವರು ಮಾಸ್ತರೇ. ಮೀಸೆ ಕಪ್ಪಗಿದ್ದ ಕಾಲದಿಂದಲೂ ಮೊದಲ ಸಾಲು ಬಿಟ್ಟವರಲ್ಲ. ಎರಡನೇ ಟ್ರಂಪೆಟ್ಟು ಆ ಭಾವಮೈದನದೇ. ಹರೆಯದವನು, ಈಜುಗಾರ, ಎದೆ ತಿದಿಯಂಥದು.

"ರೀ, ಟ್ರಂಪೆಟ್ ತಗೊಂಡು ಡಾಕ್ಟರಮ್ಮನ ಹತ್ರ ಹೋಗೋಣ ನಡೀರಿ" ಎಂದಳು ಹೆಂಡತಿ.

"ಟ್ರಂಪೆಟ್ಟಿಗೆ ಹಲ್ಲು ನೋವಾ?"

"ನಿಮ್ಮ ಬಾಯಿ ಏನು ಮಾಡುತ್ತೆ ಅಂತ ಅವ್ರು ನೋಡೇ ಇಲ್ಲ. ನೋಡ್ಲಿ."

ಡಾಕ್ಟರಮ್ಮ ಕುರ್ಚಿಯಲ್ಲೇ ಕೂರಿಸಿ ನುಡಿಸಲು ಹೇಳಿದರು. ಬಗ್ಗಿ, ಪಕ್ಕಕ್ಕೆ ಬಂದು, ಕೆಳಗಿನ ದವಡೆ ಮುಂದಕ್ಕೆ ಸರಿಯುವುದನ್ನು ನೋಡಿದರು. "ಇದನ್ನ ಮೊದಲೇ ಕೇಳಬೇಕಿತ್ತು ನಾನು. ಇಷ್ಟು ಒತ್ತಡ ಪ್ಲೇಟ್ ತಡೆಯಲ್ಲ. ಸ್ಕ್ರೂ ಹಲ್ಲಾದ್ರೆ ತಡೆಯುತ್ತೆ. ಎಕ್ಸರೇಲಿ ಮೂಳೆ ಚೆನ್ನಾಗಿದೆ. ಆದ್ರೆ ಗಾಯ ಕೂಡೋ ತನಕ ಊದಬಾರದು. ಕದ್ದು ಊದಿದ್ರೆ ಸ್ಕ್ರೂ ಸಡಿಲ ಆಗುತ್ತೆ, ದುಡ್ಡೂ ಹೋಗುತ್ತೆ."

ಆಚೆ ಬಂದು ಮೆಟ್ಟಿಲ ಮೇಲೆ ಮಾಸ್ತರು ಕೂತುಬಿಟ್ಟರು. ಪ್ಲೇಟ್ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ, ಟ್ರಂಪೆಟ್ ಹೋಗುತ್ತದೆ. ಸ್ಕ್ರೂ ಹಾಕಿಸಿದರೆ ದುಡ್ಡೂ ಹೋಗಿ, ಅರ್ಧ ವರ್ಷ ಊದದ ತುಟಿ ಜಡ್ಡುಗಟ್ಟಿ, ಜಾಗವೂ ಹೋಗಬಹುದು.

"ಕೂಡಿಟ್ಟ ದುಡ್ಡಲ್ಲಿ ಮಹಡಿ ಮೇಲೊಂದು ಕೋಣೆ ಎಬ್ಬಿಸ್ತೀನಿ ಅಂದಿದ್ಯಲ್ಲ ನೀನು" ಎಂದರು.

"ಕೋಣೆ ಕಟ್ಟಿ ಅದರೊಳಗೆ ಮುಖ ಊದಿಸ್ಕೊಂಡು ಕೂತಿರೋ ಗಂಡನ್ನ ಇಟ್ಕೊಂಡು ಏನು ಮಾಡ್ಲಿ? ಏಳಿ, ಊದೋದಾದ್ರೆ ಟ್ರಂಪೆಟ್ಟೇ ಊದಿ."

ಸ್ಕ್ರೂ ಹಾಕಿಸಿದರು. ಉಣ್ಣಲು, ಮಾತಾಡಲು ಹಳೇ ಪ್ಲೇಟನ್ನೇ ಡಾಕ್ಟರಮ್ಮ ಒಳಗಿನಿಂದ ಕೆತ್ತಿ ಸರಿಮಾಡಿಕೊಟ್ಟರು. ಸಂಪಾದನೆ ನಿಲ್ಲಬಾರದೆಂದು ಮಾಸ್ತರು ದೊಡ್ಡ ಡ್ರಮ್ಮು ಕಟ್ಟಿಕೊಂಡು ಕೊನೆಯ ಸಾಲಿಗೆ ಹೋದರು. ಮೊದಲ ಟ್ರಂಪೆಟ್ ಭಾವಮೈದನ ಕೈಗೆ ಬಂತು.

"ಡ್ರಮ್ಮು ನಿಮಗೆ ಒಪ್ಪುತ್ತೆ ಭಾವ. ಹೊಟ್ಟೆ ಪೂರ್ತಿ ಮುಚ್ಚುತ್ತೆ" ಎಂದ ಅವನು.

"ಹಿಂದಿನಿಂದ ನಿನ್ನ ತಪ್ಪೆಲ್ಲ ಚೆನ್ನಾಗಿ ಕೇಳಿಸುತ್ತೆ. ಊದು" ಎಂದರು ಮಾಸ್ತರು. ಹೇಳಿದ್ದು ನಗುತ್ತಲೇ, ಆದರೆ ಮೇಲಿನ ಸ್ವರ ಬಂದಾಗಲೆಲ್ಲ ಅವರ ತುಟಿ ತಾನಾಗಿಯೇ ಬಿಗಿಯುತ್ತಿತ್ತು. ರಾತ್ರಿಯ ಊಟವಾದ ಮೇಲೆ ಬರೀ ಉಸಿರನ್ನು ಎಳೆದು ಹಿಡಿದು, ಎಳೆ ಎಳೆಯಾಗಿ ಬಿಡುವುದನ್ನು ಮಾಡುತ್ತಿದ್ದರು. ಅದಕ್ಕೆ ಹಲ್ಲು ಬೇಕಿರಲಿಲ್ಲ.

ಮೂಳೆ ಸ್ಕ್ರೂವನ್ನು ಕಚ್ಚಿಕೊಂಡಿತು. ಹಲ್ಲಿನ ಆಕಾರ ಹೇಗಿರಲಿ ಎಂದು ಡಾಕ್ಟರಮ್ಮ ಕೇಳಿದಾಗ ಮಾಸ್ತರು, "ಸಾಲಾಗಿ, ನೀಟಾಗಿ ಇರಲಿ" ಎಂದುಬಿಟ್ಟರು. ಹೋದ ನಾಲ್ಕರಲ್ಲಿ ಅವರ ಮುಂದಿನ ಎಡ ಹಲ್ಲು ಹುಟ್ಟಾ ಸ್ವಲ್ಪ ಮುಂದಕ್ಕೆ ಚಾಚಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಫೋಟೋ ತೆಗೆಯುವಾಗೆಲ್ಲ ಬಾಯಿ ಮುಚ್ಚುತ್ತಿದ್ದರು. ದುಡ್ಡು ಕೊಡುವುದು ಕೊಡುತ್ತೇವೆ, ಚಂದವೇ ಇರಲಿ ಅನ್ನಿಸಿತ್ತು.

ಪಕ್ಕಾ ಹಲ್ಲು ಕೂರಿಸುವ ಮೊದಲು ಅದೇ ಆಕಾರದ ತಾತ್ಕಾಲಿಕ ಹಲ್ಲು ಹಾಕಿ, ಕುರ್ಚಿಯಲ್ಲೇ ಮೆಲ್ಲಗೆ ನುಡಿಸಿ ನೋಡಿ ಎಂದರು ಡಾಕ್ಟರಮ್ಮ. ಹಲ್ಲು ಅಲ್ಲಾಡಲಿಲ್ಲ. ಆದರೆ ಮೌತ್‌ಪೀಸ್ ತುಟಿಯ ಮೇಲೆ ಎಲ್ಲಿಟ್ಟರೂ ಜಾರಿತು, ಮೂಲೆಯಲ್ಲಿ ಗಾಳಿ ಸೋರಿತು.

ಮಾಸ್ತರು ಟ್ರಂಪೆಟ್ ಇಳಿಸಿ, ನಾಲಗೆಯಿಂದ ಆ ನೀಟಾದ ಸಾಲನ್ನು ಸವರಿದರು. ಆಮೇಲೆ ತಮಗೇ ನಗು ಬಂತು. "ಆ ವಕ್ರ ಹಲ್ಲಿನ ಮೇಲೇ ಕೂರ್ತಾ ಇತ್ತು ಇದು, ಇಷ್ಟು ವರ್ಷ. ನಾನು ನಾಚ್ಕೊಂಡು ಮುಚ್ಚಿಟ್ಟಿದ್ದೇ ನನ್ನ ಅನ್ನದ ಹಲ್ಲು. ಅದನ್ನ ಮುಂದಕ್ಕೆ ತರೋಕಾಗುತ್ತಾ?"

"ವಕ್ರ ಮಾಡಿಕೊಡಿ ಅಂತ ಕೇಳಿದವರು ನೀವೇ ಮೊದಲು" ಎಂದರು ಡಾಕ್ಟರಮ್ಮ. ಆ ತಾತ್ಕಾಲಿಕ ಹಲ್ಲಿಗೆ ಸ್ವಲ್ಪ ಮೇಣ ಅಂಟಿಸಿದರು, ಮಾಸ್ತರು ನುಡಿಸಿದರು, ಅವರು ಇನ್ನಷ್ಟು ಅಂಟಿಸಿದರು. ಮೂರನೇ ಸಲ ಮೌತ್‌ಪೀಸ್ ತನ್ನ ಜಾಗ ಕಂಡುಕೊಂಡಿತು. ಸ್ವರ ಬಾಗಿಲು ದಾಟಿ ಹೊರಗೆ ಹೋಯಿತು. ಆಚೆ ದವಡೆ ಹಿಡಿದು ಕೂತಿದ್ದವರೊಬ್ಬರು ಎದ್ದು ಬಂದು ಇಣುಕಿದರು.

ಪಕ್ಕಾ ಹಲ್ಲೂ ಅದೇ ವಕ್ರ ಆಕಾರದಲ್ಲಿ ಕೂತಿತು. ಮೊದಮೊದಲು ದಿನಕ್ಕೆ ಚೂರು ಚೂರೇ ನುಡಿಸಿ ತುಟಿ ಹದಕ್ಕೆ ತಂದರು. ಹಂಗಾಮಿನ ಮೊದಲ ತಾಲೀಮು ಬಂತು.

"ಭಾವ, ಜಾಗ ಬಿಟ್ಟುಕೊಡ್ತೀನಿ, ಈ ಸಲ ಪೈಪೋಟಿ ಬೇಡ" ಎಂದ ಭಾವಮೈದ.

"ಬಿಟ್ಟುಕೊಟ್ಟದ್ದು ನನಗೆ ಬೇಡ. ಬೆನ್ನು ಕೊಡು."

ಇಬ್ಬರೂ ನಿಂತರು. ಮಾರ್ಚ್ ಓಡಿ ಬಂದು ಕೊನೆಯ ಸ್ವರಕ್ಕೆ ಏರಿತು. ಬೇರೆಲ್ಲ ವಾದ್ಯ ನಿಂತವು. ಎರಡು ಟ್ರಂಪೆಟ್ ಒಂದೇ ಗೆರೆಯ ಹಾಗೆ ಹಿಡಿದವು. ಭಾವಮೈದನ ಸ್ವರ ದೊಡ್ಡದು, ತಗಡಿನ ಮಾಡು ಝೇಂಕರಿಸುವಷ್ಟು. ಮಾಸ್ತರರದು ಸಣ್ಣಗೆ, ತಂತಿಯ ಹಾಗೆ. ಹಲ್ಲಿನ ಮೇಲೆ ಮೌತ್‌ಪೀಸ್ ಮೊಳೆ ಹೊಡೆದಂತೆ ಕೂತಿತ್ತು; ಒಂದು ಚೂರು ಉಸಿರೂ ಸೋರಲಿಲ್ಲ. ಬೆನ್ನಿಗೆ ತಗುಲಿದ ಬೆನ್ನು ನಡುಗತೊಡಗಿದ್ದು ಅವರಿಗೆ ಗೊತ್ತಾಯಿತು. ದೊಡ್ಡ ಸ್ವರ ಒಮ್ಮೆ ತೊದಲಿ ನಿಂತಿತು. ತಂತಿ ಮುಂದೆ ಹೋಯಿತು. ಎಲ್ಲರೂ ಕೇಳಲಿ ಎಂದು ಮಾಸ್ತರು ಅದನ್ನು ಇನ್ನೂ ಸ್ವಲ್ಪ ಎಳೆದು, ಕೊನೆಗೆ ಜೋರು ಮಾಡಿ ನಿಲ್ಲಿಸಿದರು.

ಭಾವಮೈದ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತ, "ಆ ಡಾಕ್ಟರಮ್ಮನ ವಿಳಾಸ ಕೊಡಿ ಭಾವ. ನನ್ನ ಹಲ್ಲೂ ಕೀಳಿಸ್ಕೊಳ್ತೀನಿ" ಎಂದ. ಮಾಸ್ತರು ಬಾಯಿ ತುಂಬ ನಕ್ಕರು. ಕೈ ಅಡ್ಡ ಹಿಡಿಯಲಿಲ್ಲ.

ಹೋದದ್ದು ಇಪ್ಪತ್ತು ಮದುವೆಯ ದುಡ್ಡು, ಮಹಡಿಯ ಕೋಣೆ. ಬಂದದ್ದು ನಾಲ್ಕು ಹಲ್ಲು, ಅದರಲ್ಲೊಂದು ವಕ್ರ. ಮತ್ತು ಮೊದಲ ಸಾಲು.