ಕರಿಮಣಿಗೆ ಮಾಡಿದ ಒಳಲೆ

ಹೊಸನಗರದ ಪೇಟೆಬೀದಿಯಲ್ಲಿ ಸುಬ್ಬರಾಯಾಚಾರ್ರ ಕೈಯಲ್ಲಿ ಮೂಗು ಚುಚ್ಚಿಸಿಕೊಳ್ಳದ ಹೆಂಗಸರು ಕಡಿಮೆ. ಹುಡುಗಿ ಅಳಲೆಂದು ಬಾಯಿ ತೆರೆಯುವಷ್ಟರಲ್ಲಿ ಚಿನ್ನದ ತಂತಿ ಆಚೆ ಬಂದು, ಸುತ್ತಿಕೊಂಡು, ಮೇಲೆ ಬೆಣ್ಣೆ ಹಚ್ಚಿಯೂ ಆಗಿರುತ್ತಿತ್ತು. "ಆಯ್ತಾ? ಇಷ್ಟೇಯಾ?" ಎಂದು ತಾಯಂದಿರೇ ಬೆರಗಾಗಿ ಕೇಳುವರು. "ಮತ್ತೆ? ಇನ್ನೊಂದ್ಸಲ ಚುಚ್ಲಾ?" ಎಂದು ಆಚಾರ್ರು ನಗುವರು. ಆಗೆಲ್ಲ ಅವರು ನಗುತ್ತಿದ್ದರು.

ಅರವತ್ತಮೂರರಲ್ಲಿ ಚಿನ್ನದ ಕಾಯಿದೆ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು ಎಂದಾಯಿತು. ಆ ಕಂದು ಬಣ್ಣದ ಚಿನ್ನದಲ್ಲಿ ತಾಳಿ ಮಾಡಿಸಿಕೊಳ್ಳಲು ಯಾವ ತಾಯಿ ಒಪ್ಪುತ್ತಾಳೆ? ಅಗ್ಗಿಷ್ಟಿಕೆಯಲ್ಲಿ ಬೂದಿ ತಣ್ಣಗಾಯಿತು. ಅದರ ಜೊತೆಗೇ ಆಚಾರ್ರ ಮಾತೂ ತಣ್ಣಗಾಯಿತು. ಇದ್ದೊಬ್ಬ ಮಗಳು ಮದುವೆಯಾಗಿ ತೀರ್ಥಹಳ್ಳಿಯಲ್ಲಿದ್ದಳು. ಮನೆಯಲ್ಲಿ ಉಳಿದವರು ಇಬ್ಬರೇ, ಅವರಲ್ಲಿ ಒಬ್ಬರು ಮಾತು ಬಿಟ್ಟರೆ ಇನ್ನೊಬ್ಬರು ಏನು ಮಾಡಬೇಕು? ಹೆಂಡತಿ ವಾಗ್ದೇವಿ ಬೆಕ್ಕಿನ ಜೊತೆ ಮಾತಾಡತೊಡಗಿದರು.

ಅಪ್ಪಟ ಕಪ್ಪು ಬೆಕ್ಕು. ಹೆಸರು ಕರಿಮಣಿ. ಬೆಳಿಗ್ಗೆ ಒಲೆ ಹಚ್ಚುವಾಗಿನಿಂದ ಶುರು. "ಎಂತ ಕರಿಮಣಿ, ಸೌದೆ ಹಸಿ ಅಲ್ವನೇ? ಹೊಗೆ ನೋಡು. ಪುಷ್ಪಮ್ಮನ ಸೊಸೆ ನಿನ್ನೆ ತವರಿಗೆ ಹೋದ್ಲಂತೆ, ಹೇಳದೇ ಕೇಳದೇ. ನೀನು ಹಂಗೆಲ್ಲ ಹೋಗಬೇಡ ಮಾರಾಯ್ತಿ." ಬೆಕ್ಕು ಬೇಕಾದಲ್ಲಿ ಮಿಯಾಂ ಎನ್ನುತ್ತಿತ್ತು. ಎಷ್ಟೋ ಸಲ ವಾಗ್ದೇವಿ ಗಂಡನಿಗೆ ಹೇಳಬೇಕಾದದ್ದನ್ನೂ ಬೆಕ್ಕಿಗೇ ಹೇಳುವರು, ಜಗಲಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಕರಿಮಣಿ, ಊಟಕ್ಕೆ ಏಳ್ಬೇಕಂತೆ ಅಂತ ಹೇಳೇ ಅವರಿಗೆ." ಆಚಾರ್ರು ಎದ್ದು ಬರುವರು.

ಆಚಾರ್ರ ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಭೂತಪ್ಪನೆಂಬುವನೊಬ್ಬ ಬಂದ. ತುಮರಿ ಕಡೆಯವನು. ಅವನ ಗದ್ದೆ ಶರಾವತಿ ಹಿನ್ನೀರಿನಲ್ಲಿ ಮುಳುಗಿತ್ತು. ಈಗ ಅದೇ ನೀರಿನಲ್ಲಿ ಮೀನು ಹಿಡಿದು ಸಾಗರದ ಸಂತೆಗೆ ಹಾಕುತ್ತಿದ್ದ. "ಅಂಗಡಿ ಗಾಳ ಸರಿ ಬರಲ್ಲ ಆಚಾರ್ರೇ. ನೀವು ಒಂದು ಮಾಡಿಕೊಡಿ ನೋಡೋಣ" ಎಂದ. ಉಕ್ಕಿನ ತಂತಿಯನ್ನು ಬಗ್ಗಿಸಿ, ತುದಿಯನ್ನು ಸೂಜಿಯಂತೆ ತೀಡಿ, ಅದರ ಪಕ್ಕದಲ್ಲಿ ಹಿಂದಕ್ಕೆ ಚಾಚಿದ ಒಂದು ಸಣ್ಣ ಮುಳ್ಳನ್ನು ಅರದಿಂದ ಎಬ್ಬಿಸಬೇಕು. ಹೊಕ್ಕ ಗಾಳ ಬಿಟ್ಟುಬರದಂತೆ ತಡೆಯುವುದು ಆ ಮುಳ್ಳೇ. ಆಚಾರ್ರ ಮುಳ್ಳು ಕೂದಲಿನಷ್ಟು ನಯ. ಒಂದು ತಿಂಗಳೊಳಗೆ ಹಿನ್ನೀರಿನ ಮೀನುಗಾರರೆಲ್ಲ ಅದನ್ನೇ ಕೇಳತೊಡಗಿದರು.

ವಾಗ್ದೇವಿಗೆ ಸಂಕಟ. ಈರುಳ್ಳಿಯನ್ನೂ ಹಬ್ಬಹರಿದಿನದಲ್ಲಿ ಮುಟ್ಟದ ಮನೆ ಅದು. "ಕರಿಮಣಿ, ದೇವಿಗೆ ಮೂಗುತಿ ಮಾಡಿದ ಕೈ ಕಣೇ ಅದು" ಎಂದರು. ಆಮೇಲೆ, ಒಂದೇ ಒಂದು ಸಲ, ಗಂಡನ ಮುಖ ನೋಡಿಯೇ ಹೇಳಿದರು: "ಏನಾದ್ರೂ ಮಾಡ್ಕೊಳ್ಳಿ. ಜಗಲಿ ಮೇಲೆ. ಹೊಸ್ತಿಲು ದಾಟಿ ಒಳಗೆ ಬರಕೂಡದು ಅದು."

ಅರವತ್ತೈದರ ಬೇಸಿಗೆ. ದೊಡ್ಡ ಮೀನು ಎಳೆದರೆ ಗಾಳ ನೆಟ್ಟಗಾಗಿಬಿಡುತ್ತದೆ ಎಂದು ಭೂತಪ್ಪ ದೂರು ತಂದ. ತಮ್ಮ ಕೆಲಸದ ಮೇಲೆ ದೂರು! ಆಚಾರ್ರು ದಪ್ಪ ತಂತಿಯಲ್ಲಿ ಹೊಸದೊಂದನ್ನು ಮಾಡಿದರು. ಅದನ್ನು ಹುರಿಗೆ ಕಟ್ಟಿ, ಹುರಿಯನ್ನು ಜಗಲಿಯ ಕಂಬಕ್ಕೆ ಬಿಗಿದು ಎಳೆದೆಳೆದು ನೋಡಿದರು.

"ಮೀನು ಹೆಂಗೆ ಸಿಕ್ಕಿಸ್ತಾರೆ ಅಂತ ನಾನು ನೋಡೇ ಇಲ್ಲ ಭೂತಪ್ಪ. ಅದು ಗೊತ್ತಾದ್ರೆ ಬಗ್ಗು ಎಲ್ಲಿಗೆ ಬರಬೇಕು ಅಂತ ತಿಳಿಯತ್ತೆ."

ಭೂತಪ್ಪ ಚೀಲದಿಂದ ಒಂದು ಒಣಮೀನಿನ ಚೂರು ತೆಗೆದು ಗಾಳಕ್ಕೆ ಸಿಕ್ಕಿಸಿ ತೋರಿಸಿದ. ಹೊರಡುವಾಗ, "ಬೆಕ್ಕೈತಲ್ಲ ಆಚಾರ್ರೇ ಮನೇಲಿ, ತೆಗೆದಿಡಿ" ಎಂದ.

"ನಮ್ಮದು ಮೊಸರನ್ನದ ಬೆಕ್ಕು ಮಾರಾಯ. ಮೀನಂದ್ರೆ ಎಂತ ಅಂತ್ಲೇ ಗೊತ್ತಿಲ್ಲ ಅದಕ್ಕೆ."

ಭೂತಪ್ಪ ನಕ್ಕು ಹೋದ. ಆಚಾರ್ರು ಅದನ್ನು ನಂಬಿಯೇ ಹೇಳಿದ್ದು. ಮೀನಿನ ವಾಸನೆಯೇ ಇಲ್ಲದ ಮನೆಯಲ್ಲಿ ಐವತ್ತು ವರ್ಷ ಬಾಳಿದವರಿಗೆ, ಆ ವಾಸನೆ ಬೆಕ್ಕನ್ನು ಏನು ಮಾಡುತ್ತದೆಂದು ಹೇಗೆ ಗೊತ್ತಾಗಬೇಕು? ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು, ಊಟಕ್ಕೆ ಏಳ್ಬೇಕಂತೆ ಎಂದು. ಗಾಳವನ್ನು ಇದ್ದ ಹಾಗೇ ಬಿಟ್ಟು ಕೈ ತೊಳೆದು ಒಳಗೆ ಹೋದರು.

ಸಾರು ಕಲಸುವಷ್ಟರಲ್ಲಿ ಜಗಲಿಯಿಂದ ಕಿರುಚಿದ ಸದ್ದು. ಬೆಕ್ಕು ಕೂಗಿದ್ದೆಂದು ಇಬ್ಬರಿಗೂ ಮೊದಲು ಹೊಳೆಯಲೇ ಇಲ್ಲ.

ಕರಿಮಣಿ ಕಂಬದ ಸುತ್ತ ಹಾರುತ್ತಿತ್ತು. ಹುರಿ ಬಿಗಿದಷ್ಟೂ ಹೆದರಿ ಎಳೆಯುತ್ತಿತ್ತು, ಎಳೆದಷ್ಟೂ ಗಾಳ ಒಳಗೆ ಸೀಳುತ್ತಿತ್ತು. ಆಚಾರ್ರು ಎಂಜಲು ಕೈಯಲ್ಲೇ ಹುರಿ ಕತ್ತರಿಸಿದರು. ವಾಗ್ದೇವಿ ಸೆರಗು ಹಾಸಿ ಬೆಕ್ಕನ್ನು ಸುತ್ತಿ ಎದೆಗವಚಿಕೊಂಡರು. ಅವರ ಮುಂಗೈಯೆಲ್ಲ ಪರಚಿ ರಕ್ತ.

"ಎಳೀರಿ ಬೇಗ! ಎಂತ ನೋಡ್ತಾ ನಿಂತಿದೀರಿ?"

"ಎಳೀಬಾರದು ಕಣೇ." ಆಚಾರ್ರು ಬೆಕ್ಕಿನ ಬಾಯಿಯೊಳಗೆ ಇಣುಕಿದರು. "ಎಳೆದ್ರೆ ಬರಲ್ಲ ಅದು. ಬರದ ಹಾಗೇ ಮಾಡಿದೀನಿ."

ಗಾಳ ನಾಲಗೆಯ ಬದಿಯನ್ನು ಹರಿದುಕೊಂಡು ಹೋಗಿ ಕೆನ್ನೆಯೊಳಗೆ ನಾಟಿತ್ತು. ಇರುವುದು ಒಂದೇ ದಾರಿ: ಅದನ್ನು ಇನ್ನೂ ಮುಂದಕ್ಕೆ ಒತ್ತಿ, ತುದಿಯನ್ನು ಕೆನ್ನೆಯ ಆಚೆ ಬರಿಸಿ, ಮುಳ್ಳನ್ನು ಕತ್ತರಿಸಿ, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯುವುದು. ಎರಡು ವರ್ಷದಿಂದ ಮುಟ್ಟದ ಚಿನ್ನದ ಕೆಲಸದ ಪೆಟ್ಟಿಗೆ ತೆರೆದರು. ಸಣ್ಣ ಇಕ್ಕಳ, ತಂತಿ ಕತ್ತರಿ. ಎಡಗೈಯ ಹೆಬ್ಬೆರಳನ್ನು ಬೆಕ್ಕಿನ ದವಡೆಯ ಮೂಲೆಗೆ ಕೊಟ್ಟು ಬಾಯಿ ತೆರೆಸಿದರು. ಬೆಕ್ಕು ಕಚ್ಚಿತು. ಕಚ್ಚಲಿ ಎಂದು ಬಿಟ್ಟರು. ಒತ್ತಿದರು. ತುದಿ ಕಪ್ಪು ಕೂದಲಿನ ನಡುವೆ ಮಿಂಚಿತು. ಆ ಮುಳ್ಳು ಎಷ್ಟು ಚೆನ್ನಾಗಿ ಎದ್ದಿತ್ತೆಂದರೆ, ಕತ್ತರಿ ಹಾಕುವ ಕ್ಷಣದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅದೇ.

ಟಕ್ಕೆಂದಿತು. ಗಾಳ ಜಾರಿ ಬಂತು. ಮೂಗು ಚುಚ್ಚುವುದಕ್ಕಿಂತ ಹೆಚ್ಚು ಹೊತ್ತೇನೂ ಆಗಿರಲಿಲ್ಲ.

"ಆಯ್ತಾ?" ಎಂದರು ವಾಗ್ದೇವಿ.

ಆಚಾರ್ರು ನಾಲಗೆಯನ್ನು ನೋಡುತ್ತಿದ್ದರು. ಅದು ಅರ್ಧದವರೆಗೆ ಸೀಳಿತ್ತು.

ದನದ ಡಾಕ್ಟರು ಸಾಗರಕ್ಕೆ ಹೋದವರು ಸೋಮವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಹೇಳಿದರು. ಕಾಂಪೌಂಡರ್ ಮುಕುಂದಯ್ಯ ಒಳ್ಳೆಯ ಮನುಷ್ಯ. "ಬೆಕ್ಕಿಗೆ ಮದ್ದು ಕೇಳಿಕೊಂಡು ಬಂದವರಲ್ಲಿ ನೀವೇ ಮೊದಲನೆಯವರು ಆಚಾರ್ರೇ" ಎನ್ನುತ್ತಲೇ ನೇರಳೆ ಬಣ್ಣದ ಪುಡಿ ಕಟ್ಟಿಕೊಟ್ಟರು. "ನೀರಿಗೆ ಒಂದೇ ಚಿಟಿಕೆ. ಬಾಯಿ ತೊಳೀತಾ ಇರಿ. ಹುಣ್ಣು ಮಾಯಬಹುದು. ಆದ್ರೆ ಹೊಟ್ಟೆಗೆ ಏನಾದ್ರೂ ಹೋಗಬೇಕಲ್ಲ?"

ಅದೇ ಹೋಗುತ್ತಿರಲಿಲ್ಲ. ಕರಿಮಣಿ ಹಾಲಿನ ಬಟ್ಟಲಿನ ಮುಂದೆ ಕೂರುವುದು, ಬಗ್ಗುವುದು, ನಾಲಗೆ ತಾಗಿಸಿ ಮುಖ ಹಿಂದಕ್ಕೆಳೆದು ನಮ್ಮಿಬ್ಬರಲ್ಲಿ ತಪ್ಪು ಯಾರದ್ದು ಎನ್ನುವ ಹಾಗೆ ಬಟ್ಟಲನ್ನೇ ನೋಡುವುದು. ವಾಗ್ದೇವಿ ಬತ್ತಿ ಅದ್ದಿ ಹಿಂಡಿದರು, ಚಮಚದಲ್ಲಿ ಹಾಕಿದರು. ಎಲ್ಲ ಗದ್ದದ ಮೇಲೆ ಸೋರಿತು.

ಎರಡನೆಯ ದಿನ ಮಧ್ಯಾಹ್ನ ಆಚಾರ್ರು ಅಗ್ಗಿಷ್ಟಿಕೆಗೆ ಕೆಂಡ ಹಾಕಿದರು. ಮಗಳ ಬಾಣಂತನಕ್ಕೆಂದು ಎತ್ತಿಟ್ಟಿದ್ದ ಬೆಳ್ಳಿಯ ತುಂಡೊಂದಿತ್ತು, ಅದನ್ನು ಕರಗಿಸಿದರು. ಬಡಿದರು, ಮಡಿಸಿದರು, ಬೆಸೆದರು. ಸಂಜೆಯೊಳಗೆ ಒಂದು ಒಳಲೆ ಆಯಿತು. ಎಳೆಗೂಸುಗಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ಆದರೆ ಹೆಬ್ಬೆರಳಿನಷ್ಟೇ ದೊಡ್ಡದು. ಮೂತಿ ಗರಿಕೆಯ ದಂಟಿನಷ್ಟು ಸಣ್ಣ. ಅಂಚು ಎಲ್ಲೂ ತಾಗದಂತೆ ದುಂಡಗೆ. ಪಕ್ಕದ ಮನೆಯ ಪುಷ್ಪಮ್ಮ ಅದನ್ನು ಕೈಗೆತ್ತಿಕೊಂಡು, "ಅಯ್ಯೋ ವಾಗ್ದೇವಕ್ಕ, ನಮ್ಮ ಮೊಮ್ಮಕ್ಕಳಿಗೂ ಇಂಥದ್ದು ಮಾಡಿಕೊಟ್ಟಿಲ್ಲ ನಿಮ್ಮನೆಯವರು" ಎಂದರು.

ಗಂಡ ಬಾಯಿ ತೆರೆಸುವುದು, ಹೆಂಡತಿ ನಾಲಗೆ ತಪ್ಪಿಸಿ ಗಂಟಲಿಗೆ ಹನಿ ಬಿಡುವುದು. ಕರಿಮಣಿ ನುಂಗಿತು. ವಾಗ್ದೇವಿ ಅತ್ತುಬಿಟ್ಟರು. ಮೂರು ದಿನ ಹೀಗೆ ನಡೆಯಿತು. ಮೂರನೆಯ ದಿನ ಕರಿಮಣಿ ಮೈ ನೆಕ್ಕಿಕೊಳ್ಳಲು ನೋಡಿ, ಆಗದೆ, ಪಂಜದಿಂದ ಮುಖ ಒರೆಸಿಕೊಂಡಿತು. "ನೋಡಿ, ಹುಷಾರಾಗ್ತಾ ಇದೆ" ಎಂದರು ವಾಗ್ದೇವಿ, ನೇರವಾಗಿ ಗಂಡನಿಗೆ.

ಆದರೆ ಬಾಯಿಯಿಂದ ಕೆಟ್ಟ ವಾಸನೆ ಶುರುವಾಗಿತ್ತು. ಆಚಾರ್ರಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಕೆನ್ನೆ ಊದಿತು. ಭಾನುವಾರ ಹಾಲು ಹನಿಸಿದರೆ ನುಂಗಲಿಲ್ಲ, ಬಾಯಿಯ ಮೂಲೆಯಿಂದ ಹೊರಗೆ ಬಂತು. ಮಧ್ಯಾಹ್ನ ಅಗ್ಗಿಷ್ಟಿಕೆಯ ಬೂದಿಯ ಪಕ್ಕ ಹೋಗಿ ಮಲಗಿದ್ದು, ಅಲ್ಲೇ ಹೋಯಿತು. ದನದ ಡಾಕ್ಟರು ಬರಲು ಇನ್ನೂ ಒಂದು ದಿನವಿತ್ತು.

ಹಿತ್ತಲ ದಾಸವಾಳದ ಬುಡದಲ್ಲಿ ಹೂತರು. ಮಣ್ಣು ಎಳೆಯುವಾಗ ವಾಗ್ದೇವಿ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಆಚಾರ್ರಿಗೆ ಎಷ್ಟೋ ಹಗುರಾಗುತ್ತಿತ್ತು. ವಾಗ್ದೇವಿ ಒಳಲೆಯನ್ನು ತೊಳೆದು, ಒರೆಸಿ, ಗಂಡನ ಪೆಟ್ಟಿಗೆಯ ಮೇಲಿಟ್ಟು ಒಳಗೆ ಹೋದರು.

ಅವತ್ತಿನಿಂದ ಆ ಮನೆಯಲ್ಲಿ ಮಾತಿಲ್ಲ. ಒಲೆ ಉರಿಯುವ ಸದ್ದು, ಕೊಡಪಾನದ ಸದ್ದು, ಅಷ್ಟೇ. ಊಟದ ಹೊತ್ತಿಗೆ ತಟ್ಟೆ ಇಟ್ಟ ಸದ್ದಾಗುತ್ತಿತ್ತು, ಕೂಗು ಬರುತ್ತಿರಲಿಲ್ಲ. ಎರಡು ವರ್ಷ ತಾವು ಆಡದಿದ್ದ ಮಾತೆಲ್ಲ ಯಾರ ಪಾಲಿಗೆ ಹೋಗಿತ್ತೆಂದು ಆಚಾರ್ರಿಗೆ ಆಗ ತಿಳಿಯಿತು.

ಮುಂದಿನ ವಾರ ಭೂತಪ್ಪ ಬಂದ. ವಿಷಯ ಕೇಳಿ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. "ನಾನು ಹೇಳಿದ್ದೆನಲ್ಲ ಅಯ್ಯಾ..." ಎಂದು ಶುರುಮಾಡಿ, ಆಚಾರ್ರ ಮುಖ ನೋಡಿ ನಿಲ್ಲಿಸಿದ.

"ಹೌದು. ಹೇಳಿದ್ದೆ" ಎಂದರು ಆಚಾರ್ರು. ಇದ್ದ ಗಾಳಗಳನ್ನೆಲ್ಲ ಪೊಟ್ಟಣ ಕಟ್ಟಿ ಕೊಟ್ಟರು. ಅರವನ್ನೂ ಅದರೊಳಗೇ ಇಟ್ಟರು. "ಇನ್ನು ನನ್ನ ಹತ್ರ ಬರಬೇಡ ಭೂತಪ್ಪ. ಸಿಟ್ಟಿಲ್ಲ ನಿನ್ನ ಮೇಲೆ. ಕೈ ಬರಲ್ಲ."

ಅವನು ಹೋದ ಮೇಲೆ ಅವರು ಎದ್ದು ಅಡಿಗೆಮನೆಗೆ ಹೋದರು. ಹಗಲು ಹೊತ್ತು ಅಲ್ಲಿಗೆ ಹೋದವರಲ್ಲ. ವಾಗ್ದೇವಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದರು. ಆಚಾರ್ರು ಕರಿಮಣಿ ಕೂರುತ್ತಿದ್ದ ಜಾಗದಲ್ಲಿ, ಗೋಡೆಗೆ ಒರಗಿ ಕೂತರು. ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲ.

"ಸೌದೆ ಹಸಿ ಅಲ್ವಾ" ಎಂದರು.

ವಾಗ್ದೇವಿ ಒಲೆಗೆ ಒಂದು ಸೌದೆ ತಳ್ಳಿದರು.

"ಪುಷ್ಪಮ್ಮನ ಸೊಸೆ ವಾಪಸ್ ಬಂದಿದಾಳೆ. ನಿನ್ನೆ ಸಂಜೆ ಬಸ್ಸಿಗೆ. ಗಂಡನೇ ಹೋಗಿ ಕರ್ಕೊಂಡು ಬಂದ... ಟ್ರಂಕು ಅವನೇ ಹೊತ್ತಿದ್ದ." ಆಚಾರ್ರು ನೆನಪು ಮಾಡಿಕೊಂಡು, "ಹಸಿರು ಟ್ರಂಕು" ಎಂದರು.

ವಾಗ್ದೇವಿಯ ಭುಜ ಅಲುಗಿತು. ಅಳುತ್ತಿದ್ದಾರೋ ಏನೋ, ಮುಖ ಕಾಣುತ್ತಿರಲಿಲ್ಲ. ಆಚಾರ್ರು ಮಾತು ನಿಲ್ಲಿಸಲಿಲ್ಲ. ಪೇಟೆಯಲ್ಲಿ ಬಾವಿಗೆ ಹೊಸ ರಾಟೆ ಹಾಕಿದ್ದು, ಮುಕುಂದಯ್ಯ ಬೆಕ್ಕು ಹೇಗಿದೆ ಎಂದು ಕೇಳಿದ್ದು, ತಾವು ಹೇಳಲಾರದೆ ಬಂದದ್ದು. ಜೋಡಿಸಲು ಬಾರದವರು ಜೋಡಿಸಿದ ಹಾಗೆ, ಒಂದಕ್ಕೊಂದು ಸೇರದ ಮಾತುಗಳು.

ಬಹಳ ಹೊತ್ತಾದ ಮೇಲೆ ವಾಗ್ದೇವಿ ಸೌಟಿನಲ್ಲಿ ಒಂದಿಷ್ಟು ಸಾರು ತೆಗೆದು, ತಿರುಗದೆಯೇ, ಹಿಂದಕ್ಕೆ ಕೈ ಚಾಚಿದರು.

"ಉಪ್ಪು ಹಾಕಿದೀನೋ ಇಲ್ವೋ, ನೋಡಿ."

ಆಚಾರ್ರು ಬೊಗಸೆಗೆ ಬಿಟ್ಟುಕೊಂಡು ನೆಕ್ಕಿದರು. ಹೆಬ್ಬೆರಳಿನ ಮೇಲೆ ಕರಿಮಣಿ ಕಚ್ಚಿದ ಗಾಯ ಇನ್ನೂ ಮಾಯ್ದಿರಲಿಲ್ಲ. ಸಾರು ತಾಗಿ ಚುರುಚುರು ಎಂದಿತು.

"ಹಾಕಿದೀಯ" ಎಂದರು.