ಹೊಳೆಯುವ ಪಟ್ಟಿ

ನೀವು ಕೊನೆಯ ಬಾರಿ ಏನನ್ನಾದರೂ ಮಾರಿದಾಗ, ಕೊಳ್ಳುವವರು ಕೇಳಲು ಮರೆತದ್ದನ್ನು ನೀವಾಗಿಯೇ ಅವರಿಗೆ ತಿಳಿಸಿದಿರಾ? ಅಥವಾ, ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ ಎಂಬ ಸಮಾಧಾನವನ್ನು ತಲೆದಿಂಬಾಗಿ ಮಾಡಿಕೊಂಡು ಮಲಗಿದಿರಾ?

ಅವಳಿಗಂತೂ ಆ ಬೆಳಿಗ್ಗೆ ಏನನ್ನೂ ಕೇಳುವ ಮನಸ್ಸಿರಲಿಲ್ಲ. ಸೋದರಮಾವನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕಪ್ಪು ಸೈಕಲ್ಲಿನ ಹ್ಯಾಂಡಲ್ ಹಿಡಿದು, ಏದುಸಿರು ಬಿಡುತ್ತ, ನಗುತ್ತ ನಿಂತಿದ್ದಳು. ನದಿಯ ದಂಡೆಯ ರಸ್ತೆಯಲ್ಲಿ ಸೇತುವೆಯ ತನಕ ಹೋಗಿ ಆಗಷ್ಟೇ ಹಿಂತಿರುಗಿದ್ದಳು. ನೀರಿನ ಮೇಲಿಂದ ಮಂಜು ಎದ್ದು ರಸ್ತೆಗೆ ಹರಡಿತ್ತು. ಪೆಡಲ್ ತುಳಿದದ್ದು ಅವಳಿಗೆ ನೆನಪಿಲ್ಲ. ರಸ್ತೆಯೇ ತನ್ನಷ್ಟಕ್ಕೆ ಹಿಂದಕ್ಕೆ ಸರಿಯುತ್ತಿತ್ತು. ನಲವತ್ತು ದಾಟಿದ ದೇಹವನ್ನು ಶೆಡ್ಡಿನ ಗೂಟಕ್ಕೆ ತೂಗುಹಾಕಿ, ಉಳಿದವಳನ್ನಷ್ಟೇ ಯಾರೋ ಹೊರಗೆ ಕಳಿಸಿಕೊಟ್ಟಂತಿತ್ತು. ಮಂಜಿನೊಳಗೆ ಎದುರಾದ ಮರಗಳು ಅವಳಿಗಾಗಿ ಒಂದಿಷ್ಟು ಪಕ್ಕಕ್ಕೆ ನಿಂತಂತೆ ಕಂಡವು.

ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವಳು. ದಿನವಿಡೀ ಎತ್ತರದ ಸ್ಟೂಲಿನ ಮೇಲೆ ಕುಳಿತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರುತ್ತಿದ್ದಳು. ಕಾರ್ಬನ್ ಎಳೆಗಳನ್ನು ನೇಯ್ದು ಮಾಡಿದ ಹಗುರ ಸೈಕಲ್ಲಿನ ಆಸೆ ಹತ್ತಿದ ಮೇಲೆ, ಗಾಜಿನ ಮೇಲಿನ ನೇರಳೆ ಕಣಗಳು ರಸ್ತೆಯಂಚಿನ ಹೂಗಳಂತೆ ಹಿಂದಕ್ಕೆ ಓಡತೊಡಗಿದ್ದವು. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಪಕ್ಕದ ಮೇಜಿನವಳು, ಈ ವಯಸ್ಸಿನಲ್ಲಿ ಜನ ಪ್ರೇಮದಲ್ಲಿ ಬೀಳುತ್ತಾರೆ, ನೀನು ಸೈಕಲ್ಲಿನಿಂದ ಬೀಳಲು ಹೊರಟಿದ್ದೀಯ ಎಂದು ಅಣಕಿಸುತ್ತಿದ್ದಳು.

ವರ್ಷವೆಲ್ಲ ಅಂಗಡಿಗಳನ್ನು ಸುತ್ತಿದ್ದಳು. ಚಾವಣಿಯಿಂದ ತೂಗುಬಿಟ್ಟ ಹೊಸ ಸೈಕಲ್ಲುಗಳ ಬೆಲೆಚೀಟಿಯನ್ನು ತಿರುಗಿಸಿ ನೋಡಿ, ಯಾರಿಗೂ ಕಾಣದಂತೆ ಮತ್ತೆ ಮಗುಚಿ ಬಂದಿದ್ದಳು. ಕೊನೆಗೆ ರೈಲ್ವೆ ಗೇಟಿನ ಬಳಿಯ ಅಂಗಡಿಯೊಡತಿ ಅವಳನ್ನು ಕೂರಿಸಿಕೊಂಡು ತಿಳಿಹೇಳಿದ್ದಳು. ಅವಳ ಕೈಗೆಟಕುವ ಬೆಲೆಯಲ್ಲಿ ಹೊಸ ಕಾರ್ಬನ್ ಕೊಂಡರೆ ಫ್ರೇಮ್ ಹಗುರವಿದ್ದರೂ ಚಕ್ರ ಭಾರ, ಬ್ರೇಕು ಸಾಧಾರಣ. ಅದಕ್ಕಿಂತ ಅಲ್ಯೂಮಿನಿಯಂ ಫ್ರೇಮಿಗೆ ಒಳ್ಳೆಯ ಚಕ್ರ ಹಾಕಿಸಿಕೊಳ್ಳುವುದೇ ಲೇಸು. ಕಾರ್ಬನ್ನೇ ಬೇಕೆಂದರೆ ಹಳೆಯದನ್ನು ಹುಡುಕಬೇಕು, ಮೈಯಳತೆಗೆ ಹೊಂದುತ್ತದೆಯೋ ಎಂದು ಮೊದಲು ನೋಡಬೇಕು, ಆಮೇಲೆ ನಾಣ್ಯದಿಂದ ಫ್ರೇಮನ್ನು ಉದ್ದಕ್ಕೂ ತಟ್ಟಬೇಕು. ಗಟ್ಟಿ ಇದ್ದಲ್ಲಿ ಅದು ಟಣ್ಣೆನ್ನುತ್ತದೆ, ಒಳಗೆ ಒಡೆದಿದ್ದಲ್ಲಿ ಮಂಕಾಗುತ್ತದೆ. ಉಕ್ಕು ಬಾಗಿ ಎಚ್ಚರಿಸುತ್ತದೆ. ಕಾರ್ಬನ್ ಹಾಗಲ್ಲ, ಒಂದು ದಿನ ಒಮ್ಮೆಲೇ ಕೈಬಿಡುತ್ತದೆ.

"ಗೊತ್ತಿರೋರ ಹತ್ರಾನೇ ತಗೊಳ್ಳಿ. ಗೊತ್ತಿರೋರೇ ಆದ್ರೂ ತಟ್ಟಿ ನೋಡಿ" ಎಂದಿದ್ದಳು.

ಮಾವನಿಗಿಂತ ಗೊತ್ತಿರುವವರು ಇನ್ನಾರು? ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅಂಗಡಿಕಾರರ ತೂಕದ ಬಟ್ಟುಗಳನ್ನು ತಲೆಕೆಳಗು ಮಾಡಿ, ತೂಕ ತಗ್ಗಿಸಲು ಅಡಿಯ ಸೀಸವನ್ನು ಕೆರೆದವರಾರು ಎಂದು ಗದರಿಸುತ್ತಿದ್ದವರು. ಅವರು ಸಂತೆಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂಬ ಮಾತಿತ್ತು. ಆ ಮಾವನೇ ಫೋನ್ ಮಾಡಿ, ಮಂಡಿ ಕೇಳುತ್ತಿಲ್ಲ, ನನ್ನ ಕಾರ್ಬನ್ ಸೈಕಲ್ಲನ್ನು ನೀನೇ ತೆಗೆದುಕೋ ಎಂದು ಅವಳು ಕೊಡಬಲ್ಲ ಬೆಲೆಯನ್ನೇ ಹೇಳಿದ್ದರು. ಪೆಡಲುಗಳ ಮೇಲ್ಗಡೆಯ ದಪ್ಪ ಕೊಳವೆಗೆ ಬೆಳ್ಳಿಯಂತೆ ಹೊಳೆಯುವ ಹೊಸ ಪಟ್ಟಿಯೊಂದನ್ನು ಸುತ್ತಿದ್ದರು. ಸಂಜೆಯ ಪಾಳಿ ಮುಗಿಸಿ ಬರುವಾಗ ಗಾಡಿಯವರ ಕಣ್ಣಿಗೆ ಬೀಳಲಿ ಎಂದು, ಅಂದಿದ್ದರು. ಅವಳ ಕಣ್ಣು ತುಂಬಿ ಬಂದಿತ್ತು.

ಆದ್ದರಿಂದಲೇ ಅವಳು ನಾಣ್ಯ ಹೊರತೆಗೆದದ್ದು ಬರೀ ತಮಾಷೆಗೆ, ಅಂಗಡಿಯೊಡತಿಯ ಮಾತಿಗೊಂದು ಮರ್ಯಾದೆ ಎಂದು.

"ನಮ್ಮನೇಲೂ ತಪಾಸಣೇನಾ ಗುಬ್ಬಿ?" ಎಂದು ಮಾವ ನಕ್ಕರು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಇಂದಿಗೂ ಅವರ ಬಾಯಲ್ಲಿ ಅವಳು ಗುಬ್ಬಿಯೇ.

ಮೇಲಿನ ಕೊಳವೆ ಟಣ್ಣೆಂದಿತು. ಸೀಟಿನ ಕೆಳಗಿನದೂ ಅಷ್ಟೇ ಶುದ್ಧವಾಗಿ ನುಡಿಯಿತು. ದಪ್ಪ ಕೊಳವೆಯ ಉದ್ದಕ್ಕೂ ನಾಣ್ಯ ಕುಣಿಯುತ್ತ ಇಳಿದು, ಪಟ್ಟಿಗೆ ಎರಡು ಬೆರಳಿನಷ್ಟು ದೂರವಿರುವಾಗ, ಒದ್ದೆ ಬಟ್ಟೆಯ ಮೇಲೆ ಬಿದ್ದಂತಾಯಿತು. ಪಟ್ಟಿಯನ್ನು ದಾಟಿ ಆಚೆ ತಟ್ಟಿದಳು. ಅಲ್ಲೂ ಅದೇ ಮಂಕು. ಮಾವ ಟಯರುಗಳ ಗುಣಗಾನಕ್ಕೆ ತೊಡಗಿದರು. ಟಯರಿನ ಬಗ್ಗೆ ಯಾರೂ ಕೇಳಿರಲಿಲ್ಲ.

ಸೀಟಿನಲ್ಲಿ ಅವಳ ಮೈಬಿಸಿ ಇನ್ನೂ ಆರಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಓಡಿಸಿದರಾಯಿತು, ನಿಧಾನವಾಗಿ ಹೋದರಾಯಿತು ಎಂದು ಮನಸ್ಸು ಪಿಸುಗುಟ್ಟಿತು. ಮಂಜು, ನದಿ, ಪಕ್ಕಕ್ಕೆ ಸರಿದ ಮರಗಳು ಎಲ್ಲವೂ ಇನ್ನೊಂದು ಗಳಿಗೆ ಅವಳ ಬಳಿಯೇ ಇದ್ದವು. ಆಮೇಲೆ ಅವಳ ಹೆಬ್ಬೆರಳಿನ ಉಗುರು ಪಟ್ಟಿಯ ಅಂಚನ್ನು ಎಬ್ಬಿಸಿತು.

"ಬಿಡೇ, ಅಂಟು ಹೋಗುತ್ತೆ."

ಅವಳು ಬಿಡಲಿಲ್ಲ. ಪಟ್ಟಿಯ ಕೆಳಗೆ, ಕಪ್ಪು ಬಣ್ಣದಲ್ಲಿ, ಕೂದಲೆಳೆಯಂಥ ಬಿರುಕು ಕೊಳವೆಯನ್ನು ಅರ್ಧ ಸುತ್ತಿತ್ತು. ಒತ್ತಿದಾಗ ಅದು ಬಾಯಿ ತೆರೆದು, ಒಳಗಿನ ನೇಯ್ಗೆಯ ಹರಿದ ಎಳೆಗಳನ್ನು ತೋರಿಸಿತು.

"ಯಾವಾಗ ಬಿದ್ರಿ ಮಾವ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. ಸೇತುವೆಯ ತಿರುವಿನಲ್ಲಿ ಮರಳಿತ್ತು ಎಂದರು. ಆಮೇಲೆ ತಾವೇ ತಿದ್ದಿ, "ಮರಳಿರ್ಲಿಲ್ಲ. ತಲೆ ಸುತ್ತಿತು" ಎಂದರು. ಹೆಂಡತಿಗೆ ಹೇಳಿದರೆ ಇನ್ನು ಗೇಟು ದಾಟಲು ಬಿಡುವುದಿಲ್ಲ, ಮುದುಕನೆಂದು ಮೂಲೆಗೆ ಕೂರಿಸುತ್ತಾಳೆ. ಬರೀ ಬಣ್ಣ ಸೀಳಿದೆ ಎಂದುಕೊಂಡೆ ಎಂದರು.

"ಹಾಗಂದ್ಕೊಂಡಿದ್ರೆ ಪಟ್ಟಿ ಯಾಕೆ ಸುತ್ತಿದ್ರಿ?"

ಮಾವ ಎದ್ದುನಿಂತ ಪಟ್ಟಿಯ ತುದಿಯನ್ನು ಮತ್ತೆ ಅಂಟಿಸಲು ನೋಡಿದರು.

"ಸೈಕಲ್ ಕಲಿಸುವಾಗ್ಲೂ ನೀವು ಸುಳ್ಳು ಹೇಳಿದ್ರಿ, ಸೀಟು ಹಿಡ್ಕೊಂಡಿದ್ದೀನಿ ಅಂತ. ಆದ್ರೆ ಅವತ್ತು ಬಿದ್ರೆ ಹಿಡಿಯೋಕೆ ಹಿಂದೆ ಓಡಿ ಬರ್ತಿದ್ರಿ, ಮಾವ."

ಮುದುಕರು ಎಣ್ಣೆಯ ಡಬ್ಬದ ಮೇಲೆ ಕುಳಿತರು. ಬೇಡವಾದರೆ ಬಿಡು, ಸಂಜೆ ಇನ್ನೊಬ್ಬ ನೋಡಲು ಬರುವವನಿದ್ದಾನೆ, ಅವನು ತಟ್ಟಿ ನೋಡುವ ಪೈಕಿಯಲ್ಲ ಎಂದು ನೆಲಕ್ಕೆ ಹೇಳಿದರು. ಆಮೇಲೆ ಸೇರಿಸಿದರು: "ಅವ್ನೇನು ನಮ್ಮೋನಲ್ಲವಲ್ಲ."

ಈ ಮಾತನ್ನಾಡಿದವರು ದುಷ್ಟರಾಗಿದ್ದರೆ ಕಥೆ ಹೇಳುವುದು ಸುಲಭವಾಗುತ್ತಿತ್ತು. ಬಡವಿಯೊಬ್ಬಳ ಕಾಲು ಕಿಲೋ ಬೇಳೆಗೆ ಮೋಸವಾಯಿತೆಂದು ಅಂಗಡಿಗೆ ಬೀಗ ಜಡಿಸಿದ್ದವರು ಇವರೇ. ಲೋಕದ ತಕ್ಕಡಿಗಳನ್ನೆಲ್ಲ ನೆಟ್ಟಗೆ ಮಾಡಿದ ಕೈ, ತನ್ನ ಭಯವನ್ನು ಮುಚ್ಚಲು ಎರಡು ಗೇಣು ಪಟ್ಟಿಯನ್ನು ಕತ್ತರಿಸಿತ್ತು. ಕಾಪಾಡಬೇಕಾದ ಹೊಳಪನ್ನೇ ಕೊಲ್ಲಬಲ್ಲ ಬಿರುಕಿಗೆ ಹೊದಿಸಿತ್ತು.

"ನಮ್ಮೋಳಿಗೇ ಕೊಡೋಕೆ ಹೊರಟಿದ್ರಲ್ಲ" ಎಂದಳು ಅವಳು, ಮೆಲ್ಲಗೆ.

ಅವಳು ಚೀಲದಿಂದ ಪ್ರಯೋಗಾಲಯದ ಕೆಂಪು ಪೆನ್ನನ್ನು ತೆಗೆದಳು. ಗಾಜಿನ ಮೇಲೆ ಬರೆಯುವಂಥದು, ನೀರಿಗೆ ಅಳಿಯದು. ತಾನೇ ಬರೆಯಲು ಬಗ್ಗಿದವಳು ತಡೆದು, ಪೆನ್ನನ್ನು ಮಾವನ ಕಡೆ ಚಾಚಿದಳು. ಅವರು ಅದನ್ನು ತೆಗೆದುಕೊಂಡರು. ಡಬ್ಬದಿಂದ ಇಳಿದು, ಮಂಡಿಯೂರಲಾಗದೆ ಪಕ್ಕಕ್ಕೆ ವಾಲಿ ಕುಳಿತು, ಬಿರುಕಿನ ಸುತ್ತ ಒಂದು ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ತಿದ್ದಲು ಹೋಗಲಿಲ್ಲ.

ಚಕ್ರಗಳು ಮಾತ್ರ ತನಗಿರಲಿ, ಅಲ್ಯೂಮಿನಿಯಂ ಫ್ರೇಮಿಗೆ ಹಾಕಿಸಿಕೊಳ್ಳುತ್ತೇನೆ ಎಂದು ಅವಳು ಹೇಳುತ್ತಿರುವಾಗ ಅತ್ತೆ ಕಾಫಿ ತಂದರು. ಲಕ್ಷಣವಾದ ಸೈಕಲ್ಲಿಗೆ ಇದೇನು ಕೆಂಪು ಎಂದು ಕೇಳಿದರು.

"ನಾನು ಬಿದ್ದಿದ್ದೆ ಕಣೇ" ಎಂದರು ಮಾವ. "ತಲೆ ಸುತ್ತಿ ಬಿದ್ದೆ. ನಿಂಗೆ ಹೇಳ್ಲಿಲ್ಲ."

ಅತ್ತೆ ಕಾಫಿಯನ್ನು ಕಿಟಕಿಯಂಚಿಗಿಟ್ಟು, ಅವರ ಮುಂದೆ ನೆಲಕ್ಕೆ ಕುಳಿತು ಪ್ಯಾಂಟಿನ ಕಾಲನ್ನು ಮಡಚತೊಡಗಿದರು. "ಮೊದ್ಲು ಎಲ್ಲಿ ಅಂತ ತೋರ್ಸಿ. ಆಮೇಲೆ ಬೈತೀನಿ."

ಮಂಡಿಯ ಕೆಳಗೆ, ಹಳದಿಗೆ ತಿರುಗಿದ ದೊಡ್ಡ ಕಲೆಯ ಮೇಲೆ, ಅತ್ತೆಯ ಅಂಗೈ ನಿಂತಿತು. ಬಾಗಿಲಿನ ಬಿಸಿಲಿನಲ್ಲಿ ಧೂಳಿನ ಕಣಗಳು ಏರುತ್ತ ಇಳಿಯುತ್ತ ತೇಲುತ್ತಿದ್ದವು. ಮಾವ ಕಾಲನ್ನು ಹಾಗೇ ಬಿಟ್ಟುಕೊಟ್ಟು, ಜೇಬಿನಿಂದ ಫೋನ್ ತೆಗೆದು, ಸಂಜೆ ಬರಬೇಕಿದ್ದವನ ಸಂಖ್ಯೆಯನ್ನು ಹುಡುಕಿ ಕಿವಿಗಿಟ್ಟುಕೊಂಡರು.

ಆ ಅಪರಿಚಿತನ ಫೋನು ಎಲ್ಲೋ ಬಡಿದುಕೊಳ್ಳುತ್ತಿದೆ. ನೀವೂ ಯಾರಿಗೋ ಮಾಡಬೇಕಾಗಿದ್ದ ಕರೆಯೊಂದು ಬಾಕಿ ಇರಬಹುದು. ಓದುಗರೇ, ದಯವಿಟ್ಟು ಈ ಪುಟವನ್ನು ಕೆಳಗಿಟ್ಟು, ಅದನ್ನು ಈಗಲೇ ಮಾಡಿ.