ಒರಳಲ್ಲಿ ನಿಂತ ಒನಕೆ

ನಾನು ಒಂದು ಒನಕೆ. ಒನಕೆ ಎಂದ ಕೂಡಲೇ ಕೋಟೆ, ಕಿಂಡಿ, ಶತ್ರುಗಳ ತಲೆ ಎಂದು ಕಣ್ಣರಳಿಸಬೇಡಿ. ನಾನು ಕೋಟೆಯ ಮುಖ ಕಂಡವನಲ್ಲ. ನಾನು ಕುಟ್ಟಿದ್ದು ಗೋಧಿ, ಸಜ್ಜೆ, ನವಣೆ, ಒಣಮೆಣಸಿನಕಾಯಿ. ಮುಪ್ಪಿನಲ್ಲಿ ಒಂದು ಬೆಕ್ಕಿನ ಕೈಗೆ ಸಿಕ್ಕೆ. ಹೇಳಬೇಕೆಂದಿರುವುದು ಅದನ್ನೇ. ಐದಡಿಯ ಜಾಲಿ ಕಟ್ಟಿಗೆ ನಾನು, ಮಾತು ಸ್ವಲ್ಪ ಒರಟು, ಸಹಿಸಿಕೊಳ್ಳಿ.

ಲಕ್ಷ್ಮೇಶ್ವರದ ಹೊರಗೆ ಒಂದು ಹೊಲದ ಬದುವಿನಲ್ಲಿ ಮರವಾಗಿದ್ದೆ. ಬಡಿಗೇರ ಮೌನೇಶಪ್ಪ ನನ್ನನ್ನು ಕಡಿದು ತಂದು, ವರ್ಷ ತುಂಬ ನೆರಳಲ್ಲಿ ಒಣಗಿಸಿ, ಬಾಚಿಯಿಂದ ಕೆತ್ತಿ ದುಂಡಗೆ ಮಾಡಿದ. ಕೈಗೆ ಹಿಡಿತ ಸಿಗಲೆಂದು ನಡುವೆ ತುಸು ಸಣ್ಣಗಾಗಿಸಿದ. ಕೆಳತುದಿಗೆ ಕಬ್ಬಿಣದ ಬಳೆ ಬಿತ್ತು, ಮೈಗೆಲ್ಲ ಕುಸುಬೆ ಎಣ್ಣೆ ಬಿತ್ತು. ಅದೇ ತಿಂಗಳು, ನನ್ನನ್ನು ಮಾಡಿಸಿದ ಮನೆಯವರಿಗೇ ಅವನು ಒಂದು ತೇಗದ ಹೆಬ್ಬಾಗಿಲನ್ನೂ ಮಾಡುತ್ತಿದ್ದ. ಅದಕ್ಕೆ ಹದಿನಾರು ಕಮಲದ ಹೂ ಕೆತ್ತಿದ. ನನಗೆ ಒಂದು ಗೆರೆಯನ್ನೂ ಕೆತ್ತಲಿಲ್ಲ. ಒಂದೇ ಕೈಯಿಂದ ಹುಟ್ಟಿದವರು ನಾವು. ಆದರೆ ಆ ಬಾಗಿಲಿಗೆ ದಿನಾ ಅರಿಶಿನ ಕುಂಕುಮ, ನನಗೆ ತೌಡು. ಈ ಹೊಟ್ಟೆಕಿಚ್ಚನ್ನು ನಾನು ಐವತ್ತು ವರ್ಷ ಇಟ್ಟುಕೊಂಡಿದ್ದೆ, ಈಗ ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಆ ಮನೆಗೆ ನಾನು ಬಂದ ವರ್ಷವೇ ಗುರುಸಿದ್ದವ್ವ ಸೊಸೆಯಾಗಿ ಬಂದಳು. ಹದಿನೇಳರ ಹುಡುಗಿ. ಮೊದಲ ದಿನ ನನ್ನನ್ನು ಎತ್ತಿ ಹಾಕಿ ಅವಳ ಅಂಗೈ ಬೊಬ್ಬೆ ಎದ್ದಿತು. ಅತ್ತೆ ಫಕ್ಕೀರವ್ವ ನೋಡಿ ಹೇಳಿದ್ದು ಒಂದೇ ಮಾತು: "ಒರಳಾಗ ತಲಿ ಕೊಟ್ಟ ಮ್ಯಾಲೆ ಒನಕಿಗೆ ಅಂಜಿದ್ರ ಹೆಂಗ?" ಹುಡುಗಿ ಅಂಜಲಿಲ್ಲ. ಪಡಸಾಲೆಯ ನೆಲದಲ್ಲಿ ಹೂತಿದ್ದ ಕಲ್ಲಿನ ಒರಳಿಗೆ ಹುಗ್ಗಿಯ ಗೋಧಿ ಸುರಿದು, ಸೆರಗು ಸಿಕ್ಕಿಸಿ ನಿಂತಳೆಂದರೆ ಓಣಿಯ ಹೆಂಗಸರು ಜೊತೆಗೆ ಹಾಡಲು ಬರುತ್ತಿದ್ದರು. ಊರಿನ ಎಷ್ಟೋ ಮದುವೆಗಳ ಹುಗ್ಗಿ ನನ್ನ ಪೆಟ್ಟಿನಿಂದಲೇ ರುಚಿಯಾದದ್ದು.

ಫಕ್ಕೀರವ್ವನದು ಒಂದು ಕಟ್ಟಪ್ಪಣೆ ಇತ್ತು. "ಕುಟ್ಟಿ ಆದ ಮ್ಯಾಲೆ ಒನಕಿ ಮಲಗಿಸಬೇಕು. ಖಾಲಿ ಒರಳಾಗ ಒನಕಿ ನಿಂತ್ರ ಮನಿಗೆ ಕೇಡು." ಗುರುಸಿದ್ದವ್ವ ಈ ಮಾತನ್ನು ಒಂದು ದಿನವೂ ಮೀರಲಿಲ್ಲ. ಕೆಲಸ ಮುಗಿದರೆ ನನ್ನನ್ನು ಗೋಡೆಯ ಬುಡಕ್ಕೆ ಮಲಗಿಸಿ, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಮುಂದೆ ಓಣಿಯ ತುದಿಗೆ ಗಿರಣಿ ಬಂತು. ಒರಳಿನ ಬಾಯಿಗೆ ಒಂದು ಹಲಗೆ ಮುಚ್ಚಿದರು. ನನ್ನನ್ನು ಅಟ್ಟಕ್ಕೆ ಏರಿಸಿದರು. ಮೂವತ್ತು ವರ್ಷ ಅಲ್ಲೇ ಮಲಗಿದ್ದೆ. ಫಕ್ಕೀರವ್ವ ಹೋದಳು, ಗುರುಸಿದ್ದವ್ವನ ಗಂಡನೂ ಹೋದ. ಮಗ ಹಿಂದಿನ ಓಣಿಯಲ್ಲೇ ಕಿರಾಣಿ ಅಂಗಡಿ ಇಟ್ಟು, ಮಧ್ಯಾಹ್ನದ ಊಟಕ್ಕೆ ತಾಯಿಯ ಹತ್ತಿರವೇ ಬರುತ್ತಿದ್ದ. ಅವಳು ಹಿಂದಿನ ಭಾಗವನ್ನು ತನಗಿಟ್ಟುಕೊಂಡು ಪಡಸಾಲೆಯನ್ನೂ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಕೊಟ್ಟಳು. ಅಟ್ಟದ ಸಂದಿಯಿಂದ ಪಡಸಾಲೆಯೆಲ್ಲ ನನಗೆ ಕಾಣುತ್ತಿತ್ತು.

ಹಾಗೆ ಬಾಡಿಗೆಗೆ ಬಂದವರು ಯಮನೂರಪ್ಪ ಮಾಸ್ತರು. ಸರಕಾರಿ ಶಾಲೆಯ ಪೀಟಿ ಮಾಸ್ತರು. ಆರಡಿ ಆಳು, ಪೊದೆ ಮೀಸೆ, ಕೊರಳಲ್ಲಿ ಸೀಟಿ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬಿದಿರಿನ ಬುಟ್ಟಿ. ಬುಟ್ಟಿಯಲ್ಲಿ ಬೆಕ್ಕು. ಬೆಲ್ಲದ ಹುಗ್ಗಿಯ ಬಣ್ಣವೆಂದು ಅದಕ್ಕೆ ಹುಗ್ಗಿ ಎಂದೇ ಹೆಸರು. ಹೆಸರಿಟ್ಟವಳು ಮಾಸ್ತರ ಹೆಂಡತಿ ಸುವರ್ಣಾ. ಅವಳೇ ಬೀದಿಯಿಂದ ತಂದು ಹಾಲು ಹಾಕಿ ಸಾಕಿದ್ದಳು. ಹಿಂದಿನ ವರ್ಷ ಅವಳು ಕಾಯಿಲೆಯಿಂದ ತೀರಿಹೋಗಿದ್ದಳು. ಮಕ್ಕಳಿರಲಿಲ್ಲ. ಸಂಜೆ ಮಾಸ್ತರು ಬೆಕ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಯಾವ ಹುಡುಗ ಓಟದಲ್ಲಿ ಗೆದ್ದ, ಯಾವನು ಹೊಟ್ಟೆನೋವಿನ ನೆಪ ಹೇಳಿದ ಎಂದು ದಿನದ ವರದಿ ಒಪ್ಪಿಸುತ್ತಿದ್ದರು. ಆ ಮನುಷ್ಯನಿಗೆ ಮನೆಯಲ್ಲಿ ಮಾತಾಡಲು ಇದ್ದದ್ದು ಅದೊಂದೇ ಜೀವ.

ಆದರೆ ಆ ಜೀವಕ್ಕೆ ಒಂದು ಚಟ. ಮಾಸ್ತರು ಶಾಲೆಗೆ ಹೋದ ಮೇಲೆ ಹೊಸ್ತಿಲ ಒಳಗೆ ಮಲಗುವುದು, ಎದ್ದ ಕೂಡಲೇ ಮೈಮುರಿದು, ಹಿಂಗಾಲ ಮೇಲೆ ನಿಂತು, ಹೆಬ್ಬಾಗಿಲನ್ನು ಪರಪರ ಕೆರೆಯುವುದು. ಮಾಸ್ತರು ಹೋಗುವುದೂ ಬರುವುದೂ ಆ ಬಾಗಿಲಿನಿಂದ, ಹಾಗಾಗಿ ಅದಕ್ಕೆ ಆ ಬಾಗಿಲೇ ಬೇಕು. ಮೊದಲ ಕಮಲದ ಎಸಳು ಕಿತ್ತುಬಂದ ದಿನ ಅಟ್ಟದಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅನುಭವಿಸಲಿ ಬಿಡು ಎಂದುಕೊಂಡೆ.

ಗುರುಸಿದ್ದವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಗಂಡ ಆಸೆಪಟ್ಟು ಮಾಡಿಸಿದ ಬಾಗಿಲು ಅದು. ಮಾಸ್ತರು ಶಾಲೆಯಿಂದ ಬರುವುದನ್ನೇ ಕಾದು ನಿಂತಳು.

"ಏನ್ರೀ ಮಾಸ್ತರ, ನಿಮ್ಮ ಬೆಕ್ಕಿಗೆ ಉಗುರು ಕೆರಿಯಾಕ ಊರಾಗ ಬ್ಯಾರೆ ಜಾಗಾ ಸಿಗಲಿಲ್ಲೇನು?"

"ತಪ್ಪಾತ್ರೀ ಅವ್ವಾರ. ತಿದ್ದತೇನಿ."

ತಿದ್ದುವ ಪರಿ ನೋಡಬೇಕಿತ್ತು. ಮೊದಲು ಸೀಟಿ. ರಜೆಯ ದಿನ ಮನೆಯಲ್ಲಿ ಕಾದು ಕೂತು, ಬೆಕ್ಕು ಕೆರೆದಾಗಲೆಲ್ಲ ಸೀಟಿ ಊದಿದರು. ಹುಗ್ಗಿ ಕಿವಿ ಒಂದನ್ನು ಮಾತ್ರ ಇತ್ತ ತಿರುಗಿಸಿ ಕೆರೆತ ಮುಂದುವರಿಸಿತು. ಓಣಿಯ ಮಕ್ಕಳು ಮಾತ್ರ ಸಾಲಾಗಿ ಬಂದು ಬಾಗಿಲಲ್ಲಿ ನಿಂತವು. ಆಮೇಲೆ ಬೇವಿನೆಣ್ಣೆ ಸವರಿದರು, ಬೆಕ್ಕು ಎಣ್ಣೆಯಿಲ್ಲದ ಪಕ್ಕದ ಕಮಲಕ್ಕೆ ಹೋಯಿತು. ಖಾರದಪುಡಿ ಉದುರಿಸಿದರು, ಸಂಜೆಯವರೆಗೆ ತಾವೇ ಸೀನಿದರು. ತಮ್ಮ ನೇಲ್‌ಕಟರ್ ಹಿಡಿದು ಉಗುರು ಕತ್ತರಿಸಲು ಹೋದ ದಿನ ಮೂರು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಬಾಗಿಲಿಗೆ ಗೋಣಿಚೀಲ ಹೊದಿಸಿದಾಗ ಗುರುಸಿದ್ದವ್ವ ಬಂದು ಕಿತ್ತೆಸೆದಳು. "ಇದು ಮನಿ ಐತಿ ಮಾಸ್ತರ, ಮೆಣಸಿನಕಾಯಿ ಗೋದಾಮಲ್ಲ."

ಕಡೆಗೆ ಯಾರೋ ಹೇಳಿದರಂತೆ, ಕೆರೆಯಲು ಬೇರೆ ಏನಾದರೂ ಕೊಡಿ ಎಂದು. ಮಾಸ್ತರು ಶಾಲೆಯಿಂದ ಮುರಿದ ಕ್ರಿಕೆಟ್ ಸ್ಟಂಪ್ ತಂದು, ಚಿಂದಿ ಬಟ್ಟೆ ಸುತ್ತಿ, ಹಿತ್ತಲಲ್ಲಿ ನೆಟ್ಟರು. ಮೊಣಕಾಲೆತ್ತರದ ಕಡ್ಡಿ. ಬೆಕ್ಕು ಮೂಸಿ ನೋಡಿ, ಒಮ್ಮೆ ಕೈ ಇಟ್ಟಿತು. ಸ್ಟಂಪು ವಾಲಿತು. ಬೆಕ್ಕು ಮಾಸ್ತರ ಮುಖ ನೋಡಿ, ಬಾಲ ಎತ್ತಿ ನೇರ ಹೆಬ್ಬಾಗಿಲಿಗೆ ನಡೆಯಿತು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮೈ ಪೂರ್ತಿ ಚಾಚುವಷ್ಟು ಎತ್ತರ ಬೇಕು, ಅಲುಗಬಾರದು, ಎದ್ದ ಜಾಗದಲ್ಲೇ ಸಿಗಬೇಕು. ಅಟ್ಟದಲ್ಲಿರುವವರನ್ನು ಯಾರು ಕೇಳುತ್ತಾರೆ.

ಶಿವರಾತ್ರಿ ಮುಗಿದ ಮರುದಿನ ಐದನೆಯ ಕಮಲ ಹಾಳಾಯಿತು. ಗುರುಸಿದ್ದವ್ವ ಈ ಸಲ ದನಿ ಏರಿಸಲಿಲ್ಲ. "ಮಾಸ್ತರ, ಯುಗಾದಿಗೆ ಬಾಗಲಕ ಎಣ್ಣಿ ಹಚ್ಚಿ ಪೂಜಾ ಮಾಡತೇನಿ. ಅದರೊಳಗ ಇದು ಕೆರಿಯೂದು ಬಿಡಬೇಕು. ಇಲ್ಲಾಂದ್ರ ಬೆಕ್ಕರ ಹೋಗಬೇಕು, ನೀವರ ಹೋಗಬೇಕು."

ಮಾಸ್ತರು ಊರೆಲ್ಲ ಬೇರೆ ಮನೆ ಹುಡುಕಿದರು. ಬೆಕ್ಕು ಇದೆ ಎಂದರೆ ಯಾರೂ ಕೊಡಲಿಲ್ಲ. ಯುಗಾದಿಗೆ ಎರಡು ದಿನ ಇರುವಾಗ ಬೆಕ್ಕಿನ ಮುಂದೆ ಕೂತು, "ನಿನ್ನ ಯಾರಿಗರ ಕೊಟ್ರ ಸುವರ್ಣಾ ನನ್ನ ಕ್ಷಮಿಸೂದಿಲ್ಲ ಹುಗ್ಗಿ" ಎಂದರು. ಆ ದೊಡ್ಡ ಆಳು ಮೀಸೆ ಒದ್ದೆ ಮಾಡಿಕೊಂಡು ಅತ್ತರು. ಒಳಬಾಗಿಲಲ್ಲಿ ಗುರುಸಿದ್ದವ್ವ ರೊಟ್ಟಿಯ ತಟ್ಟೆ ಹಿಡಿದು ನಿಂತದ್ದು ಅವರಿಗೆ ಕಾಣಲಿಲ್ಲ. ತಟ್ಟೆಯನ್ನು ಹಾಗೇ ವಾಪಸು ಒಯ್ದಳು. ನನಗೂ ಅಂದು ಬಾಗಿಲು ಹಾಳಾಗುತ್ತಿದ್ದ ಸಂತೋಷ ಹಳಸಿತು.

ಮರುದಿನ ಮಧ್ಯಾಹ್ನ ಮಾಸ್ತರು ಶಾಲೆಯಲ್ಲಿದ್ದರು. ಪರಪರ ಸದ್ದು ಕೇಳಿ ಗುರುಸಿದ್ದವ್ವ ಬಂದು ನೋಡಿದರೆ ಆರನೆಯ ಕಮಲ. ಅವಳ ಪಿತ್ತ ನೆತ್ತಿಗೇರಿತು. ಏಣಿ ಹಾಕಿದಳು, ಅಟ್ಟಕ್ಕೆ ಕೈ ಹಾಕಿದಳು, ನನ್ನನ್ನೇ ಎಳೆದಳು. ಬೆಕ್ಕಿನ ಮೇಲೆ ಒನಕೆ ಎತ್ತುವಷ್ಟು ಸಿಟ್ಟು. ಆದರೆ ಎಪ್ಪತ್ತರ ಹತ್ತಿರದ ಮೈ. ಇಳಿಸುವಷ್ಟರಲ್ಲಿ ತೋಳು ಸೋತಿತು. ನಾನು ಜಾರಿ ಬೀಳುವವನಿದ್ದೆ. ಅವಳು ಕಾಲಿನಿಂದ ಹಲಗೆ ಸರಿಸಿ, ನನ್ನನ್ನು ಹಳೆಯ ಒರಳಿಗೆ ಊರಿ, ಎರಡೂ ಕೈಯಿಂದ ಹಿಡಿದು ಏದುಸಿರು ಬಿಟ್ಟಳು.

ಮೂವತ್ತು ವರ್ಷದ ಮೇಲೆ ನನ್ನ ಬಳೆ ನನ್ನ ಕಲ್ಲನ್ನು ಮುಟ್ಟಿತು. ಅವಳ ಅಂಗೈ ನನ್ನ ನಡುವಿನ ಹಳೆಯ ಜಾಗವನ್ನೇ ಹುಡುಕಿಕೊಂಡಿತು. ಎತ್ತಿ ಒಮ್ಮೆ ಬಿಟ್ಟಳು. ಧಡ್ ಎಂದಿತು. ಸಿಟ್ಟಿನಿಂದಲೋ ಅಭ್ಯಾಸದಿಂದಲೋ ಅವಳಿಗೇ ಗೊತ್ತಿರಲಿಲ್ಲ.

ಹುಗ್ಗಿ ಓಡಲಿಲ್ಲ. ಹೆಬ್ಬಾಗಿಲಿನಿಂದ ನಾಲ್ಕೇ ಹೆಜ್ಜೆ. ಹತ್ತಿರ ಬಂದು ನನ್ನನ್ನು ಬುಡದಿಂದ ಮೂಸಿತು. ನನ್ನ ಮೈಯಲ್ಲಿ ಯಾವ ಕಾಲದ ಗೋಧಿಯ ವಾಸನೆ ಉಳಿದಿತ್ತೋ ಏನೋ. ಮುಂಗಾಲು ಎತ್ತಿ, ಮೈ ಪೂರ್ತಿ ಚಾಚಿ, ಉಗುರು ಊರಿ ಎಳೆಯಿತು. ಜಾಲಿ ಮೈ ಗಟ್ಟಿ, ಉಗುರು ಅಷ್ಟಾಗಿ ಇಳಿಯಲಿಲ್ಲ. ಆದರೂ ಬಿಡಲಿಲ್ಲ, ಕಣ್ಣು ಮುಚ್ಚಿ ಎಳೆಯಿತು. ನಾನು ತುಸು ವಾಲಿದೆ. ಗುರುಸಿದ್ದವ್ವ ಗಟ್ಟಿಯಾಗಿ ಹಿಡಿದಳು.

ಮಾಸ್ತರು ಬಂದಾಗ ಕಂಡದ್ದು ಇದು: ಮನೆಯೊಡತಿ ನೆಲದ ಮೇಲೆ ಕಾಲು ಚಾಚಿ ಕೂತು ಒನಕೆಯನ್ನು ಎರಡೂ ಕೈಯಿಂದ ಹಿಡಿದಿದ್ದಾಳೆ, ಬೆಕ್ಕು ಅದನ್ನು ಕೆರೆಯುತ್ತಿದೆ.

"ನೋಡಕೋತ ಏನ್ ನಿಂತೀ ತಮ್ಮಾ" ಎಂದಳು. ಅವಳು ಅವರನ್ನು ನೀನು ಎಂದದ್ದು ಅದೇ ಮೊದಲು. "ನನ್ನ ಕೈ ಸೋತಾವು. ಇದು ಅಲಗದಂಗ ಏನರ ಮಾಡು."

ಮಾಸ್ತರು ಓಡಿದರು. ಆ ಮುರಿದ ಸ್ಟಂಪನ್ನು ತುಂಡು ಮಾಡಿ ಒರಳಲ್ಲಿ ನನ್ನ ಸುತ್ತ ಬೆಣೆ ಬಡಿದರು, ಸಂದಿಗೆ ಉಸುಕು ತುಂಬಿದರು. ಶಾಲೆಯಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಹಗ್ಗಜಗ್ಗಾಟದ ಹಗ್ಗವನ್ನು ಹೆಡ್‌ಮಾಸ್ತರರನ್ನು ಕೇಳಿ ತಂದು ಬುಡದಿಂದ ಎದೆಯವರೆಗೆ ಒತ್ತಾಗಿ ಸುತ್ತಿದರು. ಎಷ್ಟೋ ಹುಡುಗರು ಜಗ್ಗಿದ ಹಗ್ಗ ಅದು, ಉಗುರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಂದಿನಿಂದ ಹುಗ್ಗಿ ಎದ್ದರೆ ನೇರ ನನ್ನ ಹತ್ತಿರ. ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ.

ಯುಗಾದಿಯ ದಿನ ಮಗ ಊಟಕ್ಕೆ ಬಂದು ನನ್ನನ್ನು ಕಂಡು ಹುಬ್ಬೇರಿಸಿದ. "ಯವ್ವಾ, ಒರಳಾಗ ಒನಕಿ ನಿಂದರಬಾರದು ಅಂತ ಅಜ್ಜಿ ಹೇಳತಿದ್ಲಲ್ಲ?"

"ಖಾಲಿ ನಿಂತ್ರ ಕೇಡು" ಎಂದಳು ಗುರುಸಿದ್ದವ್ವ. "ಇದು ಖಾಲಿ ಎಲ್ಲೈತಿ, ದುಡಿಯಾಕತ್ತೈತಿ." ಬಾಗಿಲಿಗೆ ಕುಂಕುಮ ಹಚ್ಚಿದ ಬೆರಳಿನಿಂದಲೇ ನನ್ನ ಹಣೆಗೂ ಒಂದು ಬೊಟ್ಟು ಇಟ್ಟಳು. ಐವತ್ತು ವರ್ಷದ ಹೊಟ್ಟೆಕಿಚ್ಚು ನನಗೆ ಅಂದೇ ಇಳಿಯಿತು.

ಐದು ವರ್ಷ ಹಾಗೆ ಸುಖವಾಗಿ ಕಳೆಯಿತು. ಎರಡು ಸಲ ಹಗ್ಗ ಬದಲಾಯಿತು. ಸಂಜೆಯ ವರದಿ ಕೇಳಲು ಬೆಕ್ಕಿನ ಪಕ್ಕ ಗುರುಸಿದ್ದವ್ವನೂ ಕೂರತೊಡಗಿದಳು. ಹುಡುಗರು ಕಬಡ್ಡಿಯಲ್ಲಿ ಸೋತರೆ ಮಾಸ್ತರಿಗೆ ಬುದ್ಧಿ ಹೇಳುವಷ್ಟು ಕಲಿತಳು.

ಆಮೇಲೆ ಮಾಸ್ತರಿಗೆ ಕುಷ್ಟಗಿಯ ಕಡೆ ವರ್ಗವಾಯಿತು. ಟೆಂಪೋ ಬಂದ ದಿನ ಬೆಳಿಗ್ಗೆ ಅವಳು ಹಾರೆ ಹಿಡಿದ ಇಬ್ಬರು ಆಳುಗಳನ್ನು ಕರೆಸಿದಳು. ನನ್ನನ್ನು ಬಿಡಿಸಿ ಪಕ್ಕಕ್ಕಿಟ್ಟು, ಪಡಸಾಲೆಯ ನೆಲ ಅಗೆಯಲು ಹೇಳಿದಳು. ಗಾರೆ ಒಡೆಯಿತು, ಹಾಸುಗಲ್ಲು ಎದ್ದವು. ಬಾಗಿಲ ಮೇಲೆ ಒಂದು ಗೀರು ತಾಳದವಳು ತನ್ನ ಮನೆಯ ನಡುವೆ ತಗ್ಗು ತೋಡಿಸುತ್ತಿದ್ದಳು.

"ಅವ್ವಾರ, ಏನ್ ಮಾಡಾಕತ್ತೀರಿ? ನನಗ ಒನಕಿ ಒಂದ ಸಾಕ್ರಿ."

"ಆ ಊರಾಗ ಬಾಗಲಾ ಯಾರವು?"

"ಮನಿ ಮಾಲಕನವು."

"ಅಂವ ನನ್ನಂಗ ಸುಮ್ಮನ ಇರಂಗಿಲ್ಲ. ಒಂದ ಗೀರು ಬಿದ್ರ ಬೆಕ್ಕ ಹೊರಗ ಹಾಕು ಅಂತಾನ." ತಾನು ಏನು ಹೇಳಿದ್ದೆನೆಂಬುದು ಅವಳಿಗೆ ಮರೆತೇ ಹೋಗಿತ್ತು. "ಒರಳಿಲ್ಲದ ಒನಕಿ ಬರೇ ಬಡಿಗಿ. ಒರಳಿದ್ರ ನಿಂದರತೈತಿ. ಒಯ್ಯಿ."

ಮಾಸ್ತರು ಅವಳ ಕಾಲಿಗೆ ನಮಸ್ಕರಿಸಿದರು. ನಾಲ್ಕು ಜನ ಸೇರಿ ಒರಳನ್ನು ಟೆಂಪೋಕ್ಕೆ ಏರಿಸಿದರು.

ಈಗ ನಾನು ಕುಷ್ಟಗಿಯ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದೇನೆ. ಒರಳನ್ನು ಹೂಳಿಲ್ಲ, ಬಾಗಿಲ ಪಕ್ಕ ನೆಲದ ಮೇಲೆ ಇಟ್ಟಿದ್ದಾರೆ. ಅದರ ಭಾರವೇ ನನಗೆ ಸಾಕು. ಹುಗ್ಗಿಗೂ ವಯಸ್ಸಾಯಿತು. ಮೊದಲಿನಷ್ಟು ಎತ್ತರಕ್ಕೆ ಚಾಚುವುದಿಲ್ಲ, ನನ್ನ ಮೊಣಕಾಲಿನ ಹತ್ತಿರ ಕೆರೆದು ಅಲ್ಲೇ ಮಲಗುತ್ತದೆ. ಬಾಳೆಲ್ಲ ಪೆಟ್ಟು ಕೊಟ್ಟೇ ಹೆಸರು ಮಾಡಿದವನು ನಾನು. ಸುಮ್ಮನೆ ನಿಂತು ಕೆರೆಸಿಕೊಳ್ಳುವುದೂ ಒಂದು ಕೆಲಸ ಎಂದು ತಿಳಿದದ್ದು ಈ ಬೆಕ್ಕಿನಿಂದ. ಅದರ ಮೇಲೆ ನನಗೆ ಬಹಳ ಪ್ರೀತಿ.

ಭಾನುವಾರಕ್ಕೊಮ್ಮೆ ಮಾಸ್ತರು ಗುರುಸಿದ್ದವ್ವನಿಗೆ ಫೋನ್ ಮಾಡುತ್ತಾರೆ. ಅವಳು ಮೊದಲು ಕೇಳುವುದು ಬೆಕ್ಕನ್ನು, ಆಮೇಲೆ ಒನಕೆಯನ್ನು, ಕೊನೆಗೆ ಮಾಸ್ತರನ್ನು. ಮೊನ್ನೆ ಮಾಸ್ತರು ಕೇಳಿದರು, "ಪಡಸಾಲಿ ತಗ್ಗು ಮುಚ್ಚಿಸಿದ್ರೇನ್ರೀ ಅವ್ವಾರ? ಕತ್ತಲಾಗ ಕಾಲ ಗೀಲ ಇಟ್ಟೀರಿ."

ಅವಳ ದನಿ ಗಟ್ಟಿ, ನನಗೂ ಕೇಳಿಸಿತು. "ಯಾಕ ಮುಚ್ಚಿಸಲಿ? ಹಲಗಿ ಹಾಕೇನಿ. ಇನ್ನ ಮೂರ ವರ್ಷಕ್ಕ ನಿನಗ ರಿಟೈರ್ ಅಲ್ಲೇನು? ತಿರುಗಿ ಬಂದ ಮ್ಯಾಲೆ ಒರಳು ಎಲ್ಲಿ ಇಡತೀ?"

ಮಾಸ್ತರು ಬಂದು ನನ್ನ ಬುಡದ ಒರಳಿನ ಮೇಲೆ ಕೈ ಇಟ್ಟರು. ಆಮೇಲೆ "ಅಲ್ಲೇ ಇಡತೇನ್ ಬೇ ಯವ್ವಾ" ಎಂದರು.